ಅಪ್ಪನ ಷಡ್ಜಕ್ಕೆ ಕೂಡಿಸಿದ ಆರು ಪ್ಲೇಟುಗಳು

ಜಾಜ್ ಕೇಳಬೇಕು, ಎಲ್ಲಿಂದ ಶುರು ಮಾಡಲಿ ಎಂದು ನನ್ನನ್ನು ಆಗಾಗ ಕೇಳುವವರಿದ್ದಾರೆ. ಧಾರವಾಡದ ಗಾಯನದ ಮನೆಯಲ್ಲಿ ಹುಟ್ಟಿದ ಹೆಂಗಸಿಗೆ ಇದೆಲ್ಲ ಹೇಗೆ ಗೊತ್ತು ಎಂಬ ಕುತೂಹಲವೂ ಆ ಪ್ರಶ್ನೆಯಲ್ಲಿ ಇರುತ್ತದೆ. ನನ್ನ ಬಳಿ ಒಂದು ಪಟ್ಟಿ ಇದೆ. ಆರು ಗ್ರಾಮೋಫೋನ್ ಪ್ಲೇಟುಗಳ ಪಟ್ಟಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯ ಒಬ್ಬ ಕೆಲಸಗಾರರು ನನಗಾಗಿ ಬರೆದು ಕಳಿಸಿದ್ದು. ಕೇಳಿದವರಿಗೆ ಐದನ್ನು ಬಾಯಿಪಾಠ ಒಪ್ಪಿಸಿಬಿಡುತ್ತೇನೆ. ಪಟ್ಟಿ ಐದಕ್ಕೇ ಮುಗಿಯಿತು ಎಂದು ಅವರು ತಿಳಿಯುತ್ತಾರೆ. ಇವತ್ತು ಆರನೆಯದನ್ನೂ ಹೇಳುತ್ತೇನೆ. ಹೇಳದೆ ಇಟ್ಟುಕೊಂಡು ಯಾರಿಗೂ ಒಳ್ಳೆಯದಾಗಿಲ್ಲ.

ಅಪ್ಪ ಹಿಂದುಸ್ತಾನಿ ಗಾಯಕರು. ಊರೆಲ್ಲ ಅವರನ್ನು ಗೌರವದಿಂದ ಬುವಾ ಎನ್ನುತ್ತಿತ್ತು. ಹೆಚ್ಚು ಹಾಡಿ ಹೆಸರು ಮಾಡಿದವರಲ್ಲ, ಕಲಿಸಿ ಹೆಸರು ಮಾಡಿದವರು. ಅವರ ಕಿವಿಗೆ ಜನ ಹೆದರುತ್ತಿದ್ದರು. ಬೀದಿಯಲ್ಲಿ ಹೋಗುವ ಟಾಂಗಾದ ಗಂಟೆ ಯಾವ ಸ್ವರ ಎಂದು ಹೇಳಿ, ಅದು ಕೂದಲೆಳೆಯಷ್ಟು ಇಳಿದಿದೆ ಎಂದು ಟಾಂಗಾದವನಿಗೂ ತಿಳಿಸುತ್ತಿದ್ದರು. ಅವರ ಷಡ್ಜ, ಎಂದರೆ ಹಾಡಿಗೆ ಆಧಾರವಾದ ಸಾ, ಪೇಟಿಯ ಕರಿ ಒಂದು, ಹಾರ್ಮೋನಿಯಮ್ಮಿನ ಮೊದಲ ಕಪ್ಪು ಮನೆ. ನಮ್ಮ ಮನೆಯ ಎರಡು ತಂಬೂರಿಗಳು ನಾನು ಹುಟ್ಟುವ ಮೊದಲಿನಿಂದ ಆ ಒಂದು ಸ್ವರಕ್ಕೇ ಸೇರಿಕೊಂಡಿದ್ದವು.

ಶಿಷ್ಯರೊಬ್ಬರು ಗ್ರಾಮೋಫೋನ್ ತಂದುಕೊಟ್ಟಾಗ ಅಪ್ಪ ಒಂದು ಕಟ್ಟಳೆ ಮಾಡಿದರು. ಯಾವ ಪ್ಲೇಟೇ ಇರಲಿ, ಹಾಡಿದವರು ಎಷ್ಟೇ ದೊಡ್ಡವರಿರಲಿ, ಅವರ ಷಡ್ಜ ನಮ್ಮ ತಂಬೂರಿಯ ಷಡ್ಜಕ್ಕೆ ಬಂದು ಕೂಡಬೇಕು. ಆಮೇಲೆಯೇ ಕೇಳುವುದು. ಪೆಟ್ಟಿಗೆಯ ಮೇಲೆ, ತಿರುಗುವ ಚಕ್ರದ ಪಕ್ಕದಲ್ಲಿ ವೇಗದ ತಿರುಪು ಇರುತ್ತದಲ್ಲ, ಅದನ್ನು ಆಚೆ ತಿರುವಿದರೆ ಪ್ಲೇಟು ನಿಧಾನವಾಗಿ ಸ್ವರ ಇಳಿಯುತ್ತದೆ, ಈಚೆ ತಿರುವಿದರೆ ಚುರುಕಾಗಿ ಸ್ವರ ಏರುತ್ತದೆ. ಒಬ್ಬರು ತಂಬೂರಿ ಮೀಟುವುದು, ಇನ್ನೊಬ್ಬರು ತಿರುಪು ಹಿಡಿಯುವುದು. ಕೂಡಿತು ಎಂದು ಅಪ್ಪ ತಲೆಯಾಡಿಸಿದ ಮೇಲೆ ಮುಳ್ಳನ್ನು ಮತ್ತೆ ಮೊದಲಿಗೆ ಇಟ್ಟು ಕೇಳುವುದು. ಶಿಷ್ಯರು ಪ್ಲೇಟಿನ ಜೊತೆ ಹಾಡಿ ಕಲಿಯಬೇಕಲ್ಲ, ಅದಕ್ಕೆ. ಲಯ ಒಂದಿಷ್ಟು ಹೆಚ್ಚುಕಡಿಮೆ ಆದರೆ ಆಯಿತು, ಷಡ್ಜ ಆಗಬಾರದು. ಹೊರಗಿನಿಂದ ಬಂದವರು ಕಾಲು ತೊಳೆದು ಒಳಗೆ ಬರುವ ಹಾಗೆ, ಹೊರಗಿನ ಸ್ವರ ನಮ್ಮ ಮನೆಗೆ ಹೀಗೆ ಬರುತ್ತಿತ್ತು. ಅದು ಎಷ್ಟು ಅಭ್ಯಾಸವಾಗಿತ್ತೆಂದರೆ, ಬೇರೆ ಮನೆಗಳಲ್ಲಿ ಹೀಗೆ ಮಾಡುವುದಿಲ್ಲ ಎಂಬುದೇ ನನ್ನ ತಲೆಗೆ ಬಂದಿರಲಿಲ್ಲ.

ಅಪ್ಪನಿಗೆ ಲಕ್ವಾ ಹೊಡೆದಾಗ ನನಗೆ ಇಪ್ಪತ್ತಮೂರು. ಬಲಗಡೆಯ ಕೈಕಾಲು ಹೋದವು. ಮಾತು ಹೋಯಿತು, ಹಾಡು ಹೋಯಿತು. ಅವ್ವ ಮೊದಲೇ ತೀರಿಕೊಂಡಿದ್ದಳು. ನನ್ನನ್ನು ನೋಡಲು ಬಂದಿದ್ದ ಎರಡು ಮನೆತನದವರಿಗೆ ನನ್ನ ನಾಲಿಗೆ ಹಿಡಿಸಿರಲಿಲ್ಲ, ಮೂರನೆಯವರು ಬರುವುದರೊಳಗೆ ಅಪ್ಪ ಮಲಗಿದರು. ನಾನು ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿಸುತ್ತ ಮನೆ ನಡೆಸಿದೆ. ಅಪ್ಪನ ಅಕ್ಕ, ನನ್ನ ಅತ್ಯಾ, ಹಗಲು ಅಪ್ಪನ ಬಳಿ ಇರುತ್ತಿದ್ದಳು.

ಆದರೆ ಕಿವಿ ಉಳಿದಿತ್ತು. ಎಡಗೈ ಉಳಿದಿತ್ತು. ಪಡಸಾಲೆಯ ಮಂಚದ ಮೇಲೆ ಮಲಗಿ, ಎಡಗೈ ಬೆರಳುಗಳಿಂದ ಮಂಚದ ಚೌಕಟ್ಟಿನ ಮೇಲೆ ತಾಳ ಹಾಕುತ್ತಿದ್ದರು. ಸಮಕ್ಕೆ, ತಾಳದ ಮೊದಲ ಪೆಟ್ಟಿಗೆ, ಬಂದಾಗ ತೋರುಬೆರಳು ಎತ್ತುತ್ತಿದ್ದರು. ಗುರುವಾರ ಹಳೆಯ ಶಿಷ್ಯರು ನಾಲ್ಕೈದು ಜನ ಬಂದು ಅವರ ಮುಂದೆ ಹಾಡುತ್ತಿದ್ದರು. ತಪ್ಪಿದರೆ ಬೆರಳು ನಿಲ್ಲುತ್ತಿತ್ತು, ಸರಿಹೋದರೆ ಮತ್ತೆ ನಡೆಯುತ್ತಿತ್ತು. ಬಾಯಿದ್ದಾಗ ಬಯ್ಯುತ್ತಿದ್ದುದಕ್ಕಿಂತ ಆ ಬೆರಳು ನಿಲ್ಲುವುದಕ್ಕೇ ಅವರು ಹೆಚ್ಚು ಹೆದರುತ್ತಿದ್ದರು. ವಾರದಲ್ಲಿ ಅಪ್ಪ ಬದುಕುತ್ತಿದ್ದ ದಿನ ಅದೊಂದೇ.

ನಮ್ಮ ಸಾಲೆಯಲ್ಲಿ ಚಿತ್ರಕಲೆ, ಹೊಲಿಗೆ ಕಲಿಸುವ ಬಾಯಿಯೊಬ್ಬರಿದ್ದರು, ಮಾಸ್ತರಿಣಿಯರನ್ನು ನಮ್ಮಲ್ಲಿ ಹಾಗೆ ಕರೆಯುತ್ತಾರೆ. ಗೋವೆಯ ಕಡೆಯ ಕ್ರಿಶ್ಚಿಯನ್ನರು, ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನಿಂದ ದಿನಾ ರೈಲುಗಾಡಿ ಹಿಡಿದು ಬರುತ್ತಿದ್ದರು. ವಹಿ ತಿದ್ದುವಾಗ ಏನೋ ಗುನುಗುತ್ತಿರುತ್ತಿದ್ದರು. ಒಂದು ದಿನ ತಾಳಲಾರದೆ, "ಯಾರ ಲಗ್ನದ ಬ್ಯಾಂಡ್ ಬಾಯಾರ ಇದು, ಎರಡು ತಿಂಗಳಾತು, ವರಾ ಇನ್ನೂ ಬರವಲ್ಲ" ಎಂದೆ. ಅವರು ನಗಲಿಲ್ಲ.

"ಜಾಜ್ ಅಂತಾರ ಇದಕ್ಕ. ನಮ್ಮಣ್ಣ ಬಾರಸ್ತಾನ, ಕ್ಲ್ಯಾರಿಯೊನೆಟ್, ಬ್ಯಾಂಡಿನ್ಯಾಗಿನ ಕರೇ ಪೀಪಿ. ನಿಮ್ಮಂಥಾವ್ರು ಒಮ್ಮೆ ಸರಿಯಾಗಿ ಕೇಳಿ ಆಮ್ಯಾಲೆ ನಗಬೇಕ್ರಿ" ಎಂದರು.

ನಗೆಯಾಡಿದ್ದಕ್ಕೆ ನನಗೂ ನಾಚಿಕೆ ಅನಿಸಿತು. ಕೇಳುತ್ತೇನೆ, ಕಳಿಸಿ ಎಂದುಬಿಟ್ಟೆ.

ಮುಂದಿನ ಸೋಮವಾರ ಅವರು ದಪ್ಪ ರಟ್ಟಿನ ಒಂದು ಪುಸ್ತಕ ಹೊತ್ತು ತಂದರು. ಪುಸ್ತಕವಲ್ಲ, ಆಲ್ಬಮ್. ಒಂದೊಂದು ಪುಟವೂ ಒಂದೊಂದು ಚೀಲ, ಒಂದೊಂದು ಚೀಲದಲ್ಲಿ ಒಂದೊಂದು ಪ್ಲೇಟು. ಜೊತೆಗೆ ಅಣ್ಣನ ಕೈಬರಹದ ಪಟ್ಟಿ. ವಾರಕ್ಕೆ ಒಂದೇ ಕೇಳಬೇಕು, ಅನಿಸಿದ್ದನ್ನು ಚೀಟಿಯಲ್ಲಿ ಬರೆದು ಕಳಿಸಬೇಕು ಎಂದು ಮೊದಲ ಸಾಲಿನಲ್ಲಿಯೇ ಇತ್ತು. "ರೈಲ್ವೆ ಇನ್ಸ್ಟಿಟ್ಯೂಟ್‌ನ್ಯಾಗ ಶನಿವಾರಕ್ಕೊಮ್ಮೆ ಡ್ಯಾನ್ಸಿಗೆ ಬಾರಸ್ತಾನ" ಎಂದರು ಬಾಯಿ. "ಎಲ್ಲಾರೂ ಕುಣೀತಾರ್ರಿ, ಕೇಳಾವ್ರು ಒಬ್ಬರೂ ಇಲ್ಲ. ನಿಮ್ಮ ತಂದಿಯವರ ಮನಿ ಅಂದಕೂಡ್ಲೇ ಹಿಗ್ಗಿಬಿಟ್ಟ. ಆ ಮನ್ಯಾಗ ಕಿವಿ ಅದಾವ, ನಮ್ಮ ಕಡೆ ಬರೇ ಕಾಲು ಅದಾವ ಅಂದ."

ಅವರ ಅಣ್ಣ ಬಾಯ್ಲರ್ ಶಾಪಿನಲ್ಲಿದ್ದರು. ಇಂಜಿನ್ನಿನ ಬಾಯ್ಲರಿನ ಒಳಗೆ ಕೂತು, ಹೊರಗಿನಿಂದ ಸುತ್ತಿಗೆ ಬೀಳುವಾಗ ರಿವೆಟ್ ಮೊಳೆಗೆ ಒಳಗಿನಿಂದ ಒತ್ತು ಕೊಡುವ ಕೆಲಸ. ಅಲ್ಲಿ ಹತ್ತು ವರ್ಷ ಕಳೆದವರು ಕಿವುಡರಾಗುವುದು ಮಾಮೂಲು. ಇವರಿಗೆ ಏಳು ವರ್ಷ ಆಗಿತ್ತು. ಯುದ್ಧ ಬಂದು ಪಾಳಿಗಳು ಉದ್ದವಾಗಿದ್ದವು. ಮುಂಬಯಿಯ ಒಂದು ಹೋಟೆಲಿನ ಬ್ಯಾಂಡಿನಿಂದ ಕರೆ ಬಂದಿದೆ, ನೌಕರಿ ಬಿಟ್ಟು ಹೋಗಬೇಕೋ ಬೇಡವೋ ಎಂದು ಒದ್ದಾಡುತ್ತಿದ್ದಾರೆ ಎಂದು ಬಾಯಿ ಹೇಳಿದರು. "ಕಿವಿ ಇರೂತನಕ ಹೋಗಬೇಕು ಅಂತಾನ. ಈಗಾಗ್ಲೇ ಹೋಗ್ಯಾವೇನೋ ಅಂತನೂ ಹೆದರ್ತಾನ. ತನ್ನ ಸ್ವರ ತನಗ ಖರೇ ಕೇಳಸ್ತದೋ ಇಲ್ಲೋ ಅಂತ."

ಭಾನುವಾರ ಮಧ್ಯಾಹ್ನ ಮೊದಲ ಪ್ಲೇಟು ಹಾಕಿದೆ. ಬಾರಿಸಿದವರ ಹೆಸರುಗಳನ್ನು ನಾನಿಲ್ಲಿ ಬರೆಯುವುದಿಲ್ಲ. ಅವರೆಲ್ಲ ಈಗ ಜಗತ್ತಿಗೇ ದೊಡ್ಡವರು, ನನ್ನ ಶಿಫಾರಸು ಬೇಕಿಲ್ಲ. ಒಂದನೆಯದು ತುತೂರಿ, ನಡುವೆ ಒಬ್ಬನ ಒಡಕು ದನಿಯ ಹಾಡು. ಪಟ್ಟಿಯಲ್ಲಿ ಹೀಗಿತ್ತು: ಈ ದನಿ ಕೆಟ್ಟಿದೆ ಎಂದು ತಿಳಿಯಬೇಡಿರಿ, ಅದು ಇರುವುದೇ ಹಾಗೆ. ಮೊದಲ ಸಲ ಹಾಡನ್ನು ಬಿಡಿರಿ, ಹಿಂದೆ ಕೂತು ತಾಳ ಹಿಡಿದವನೊಬ್ಬನನ್ನೇ ಕೇಳಿರಿ. ಮನೆ ನೋಡುವಾಗ ಮೊದಲು ಕಂಬ ನೋಡಬೇಕು.

ಈ ಮಾತು ನನಗೆ ಹಿಡಿಸಿತು. ಆದರೂ ಮೊದಲು ಷಡ್ಜ. ತಂಬೂರಿ ಮೀಟಿ, ಈ ಜನ ಎಲ್ಲೆಲ್ಲೋ ಅಲೆದು ಕೊನೆಗೆ ಬಂದು ಕೂರುವ ಸ್ವರ ಯಾವುದೆಂದು ಹುಡುಕಿದೆ. ಅದು ಅಪ್ಪನ ಷಡ್ಜಕ್ಕಿಂತ ಕೆಳಗಿತ್ತು. ತಿರುಪು ಈಚೆ ತಿರುವಿದೆ, ಪ್ಲೇಟು ಚುರುಕಾಗಿ ಸ್ವರ ಮೇಲೆ ಬಂದು ಕೂಡಿತು. ಯುದ್ಧದಿಂದಾಗಿ ಉಕ್ಕಿನ ಸೂಜಿ ಸಿಗುತ್ತಿರಲಿಲ್ಲ, ಜಾಲಿಮುಳ್ಳು ಕೆತ್ತಿ ಹಾಕುತ್ತಿದ್ದೆವು. ಅದರಲ್ಲಿ ಸಪ್ಪಳ ಮೆತ್ತಗೆ ಬರುತ್ತಿತ್ತು.

ಅಡುಗೆಮನೆಯಿಂದ ಅತ್ಯಾ, "ಮಲಗಿದ್ದ ಮನಿಶಾ ಎದ್ದು ಓಡಿಹೋಗಲಿ ಅಂತ ಹಚ್ಚೀಯೇನು ಇದನ್ನ?" ಎಂದಳು. ಆದರೆ ಅಪ್ಪನ ಬೆರಳು ಆಗಲೇ ಚೌಕಟ್ಟಿನ ಮೇಲೆ ನಡೆಯತೊಡಗಿತ್ತು. ನಾಲ್ಕರ ತಾಳ, ಏನು ಕಷ್ಟ? ಎರಡನೆಯ ಸಲ ಸಮಕ್ಕೆ ತೋರುಬೆರಳನ್ನೂ ಎತ್ತಿದರು. ಅತ್ಯಾ ಬಾಗಿಲಿಗೆ ಬಂದು ನೋಡಿ, ಒಳಗೆ ಹೋದಳು.

ಮುಂದಿನ ವಾರ ಪಿಯಾನೊ, ಒಂಟಿಯಾಗಿ. ಇವನ ಎಡಗೈ ತಬಲಾ, ಬಲಗೈ ಗಾಯಕ ಎಂದು ತಿಳಿದು ಕೇಳಿರಿ ಎಂದಿತ್ತು. ಅದರ ಮುಂದಿನ ವಾರ ಹದಿಮೂರು ಹದಿನಾಲ್ಕು ಜನರ ಮೇಳ. ಮೊದಲ ಸಲ ಸಂತೆ ಅನಿಸುತ್ತದೆ, ಎರಡನೆಯ ಸಲ ಸಂತೆಯಲ್ಲಿ ಸಾಲುಗಳಿವೆ ಎಂದು ಕಾಣುತ್ತದೆ, ಮೂರನೆಯ ಸಲ ಯಾವ ಅಂಗಡಿ ಎಲ್ಲಿ ಎಂದು ಗೊತ್ತಾಗುತ್ತದೆ ಎಂದು ಪಟ್ಟಿಯಲ್ಲಿತ್ತು. ಖರೆ ಹಾಗೆಯೇ ಆಯಿತು. ನಾಲ್ಕನೆಯದು ಪಿಟೀಲು, ಗಿಟಾರು. ಪಿಟೀಲು ನಿಮ್ಮ ಮನೆಗೆ ಹೊಸದಲ್ಲ, ಅದನ್ನು ಬೇಕೆಂದೇ ನಾಲ್ಕನೆಯದಕ್ಕೆ ಇಟ್ಟಿದ್ದೇನೆ, ಮೊದಲೇ ಇಟ್ಟಿದ್ದರೆ ಅದೊಂದನ್ನೇ ಹಿಡಿದು ಕೂರುತ್ತಿದ್ದಿರಿ ಎಂದು ಬರೆದಿದ್ದರು. ಎದುರಿಗಿಲ್ಲದ ಮನುಷ್ಯ ನನ್ನನ್ನು ಇಷ್ಟು ಚೆನ್ನಾಗಿ ಅರಿತದ್ದು ನೋಡಿ ನಗು ಬಂತು.

ಐದನೆಯದು ಒಬ್ಬ ಹೆಂಗಸಿನ ದನಿ. ಇವಳು ತಾಳದ ಹಿಂದೆ ಹಿಂದೆ ಉಳಿಯುತ್ತಾಳೆ, ಅದು ತಪ್ಪಲ್ಲ, ಬೇಕೆಂದೇ ಮಾಡುವುದು. ದುಃಖದಲ್ಲಿರುವವರು ಎಲ್ಲರ ಜೊತೆ ಹೆಜ್ಜೆ ಹಾಕುವುದಿಲ್ಲವಲ್ಲ ಎಂದು ಬರೆದಿದ್ದರು. ಆ ಮಧ್ಯಾಹ್ನ ನಾನು ಅಪ್ಪನ ಕಡೆ ನೋಡಲಿಲ್ಲ. ನನ್ನ ಕಣ್ಣು ತುಂಬಿದ್ದನ್ನು ಅವರು ನೋಡುವುದು ಬೇಡವಾಗಿತ್ತು. ಚೀಟಿಯಲ್ಲಿ ಬರೆದೆ: ನಮ್ಮಲ್ಲಿಯೂ ದೊಡ್ಡವರು ಸಮಕ್ಕೆ ಬಾಗಿಲತನಕ ಬಂದು, ಒಂದು ಗಳಿಗೆ ಹೊರಗೇ ನಿಂತು ಒಳಗೆ ಬರುತ್ತಾರೆ. ನಿಮ್ಮ ಈ ಬಾಯಿ ನಮ್ಮವಳೇ.

ನನ್ನ ಚೀಟಿಗಳನ್ನು ಅವರು ಮತ್ತೆ ಮತ್ತೆ ಓದುತ್ತಾರೆ, ಊಟಕ್ಕೆ ಕೂತಾಗ ತಾಯಿಗೂ ಓದಿ ಹೇಳುತ್ತಾರೆ ಎಂದು ಬಾಯಿ ಹೇಳಿದರು. ನಾನು ಉಬ್ಬಿದೆ. ಸುಳ್ಳೇಕೆ ಹೇಳಲಿ, ಹುಡುಗಿಯರ ವಹಿ ತಿದ್ದುವ ಮಾಸ್ತರಿಣಿಗೆ ಮೊದಲ ಸಲ ಯಾರೋ ಬುವಾನ ಗಾದಿ ಕೊಟ್ಟಿದ್ದರು. ಚೀಟಿಯಿಂದ ಚೀಟಿಗೆ ನನ್ನ ಮಾತು ಹರಿತವಾಗುತ್ತ ಹೋಯಿತು.

ಆರನೆಯ ಪ್ಲೇಟಿನ ನಡುವೆ ಅಂಟಿಸಿದ ಚೀಟಿ ಬಿಳಿಯದು. ಹೆಸರಿಲ್ಲ, ಕಂಪನಿಯಿಲ್ಲ, ಪೆನ್ಸಿಲಿನಲ್ಲಿ ಆರು ಎಂದು ಅಂಕಿ ಮಾತ್ರ. ಪಟ್ಟಿಯಲ್ಲಿಯೂ ವಿವರಣೆ ಇರಲಿಲ್ಲ. ಇದು ಮೆತ್ತನೆಯ ಪ್ಲೇಟು, ಬೇಗ ಸವೆಯುತ್ತದೆ, ಎರಡು ಸಲಕ್ಕಿಂತ ಹೆಚ್ಚು ಹಾಕಬೇಡಿರಿ, ಖರೇ ಅನಿಸಿದ್ದನ್ನು ಬರೆಯಿರಿ. ಇಷ್ಟೇ. ಓದುವವರಿಗೆ ಈಗಲೇ ಹೇಳಿಬಿಡುತ್ತೇನೆ, ಅದು ಅವರದೇ ಕ್ಲ್ಯಾರಿಯೊನೆಟ್. ರಜೆಯಲ್ಲಿ ಮುಂಬಯಿಗೆ ಹೋದಾಗ ಮೂವರು ಗೆಳೆಯರ ಜೊತೆ ಒಂದು ಸಣ್ಣ ಸ್ಟುಡಿಯೋದಲ್ಲಿ ಕೊರೆಸಿಕೊಂಡ ಒಂದೇ ಒಂದು ಪ್ಲೇಟು. ಮುಂಬಯಿಗೆ ಹೋಗುವುದೋ ಬೇಡವೋ ಎಂಬುದನ್ನು ಅವರು ನನ್ನ ಚೀಟಿಯ ಮೇಲೆ ಬಿಟ್ಟಿದ್ದರು. ಮುಖ ನೋಡಿ ಮಾತಾಡದ ಕಿವಿ ಬೇಕಾಗಿತ್ತು ಅವರಿಗೆ. ಇದು ನನಗೆ ಗೊತ್ತಿರಲಿಲ್ಲ. ಹೇಳಬಾರದೆಂದು ತಂಗಿಗೆ ಆಣೆ ಹಾಕಿದ್ದರು.

ತಂಬೂರಿ ಮೀಟಿದೆ. ತಿರುಪು ನಡುವಿನ ಗೆರೆಯಲ್ಲಿದ್ದಾಗ ಈ ಕ್ಲ್ಯಾರಿಯೊನೆಟ್ಟಿನ ಷಡ್ಜ ಅಪ್ಪನದಕ್ಕಿಂತ ಬಹಳ ಮೇಲಿತ್ತು. ಬೇರೆ ಐದರಲ್ಲಿ ಯಾವುದೂ ಅಷ್ಟು ದೂರ ಇರಲಿಲ್ಲ. ತಿರುಪನ್ನು ಆಚೆ ತಿರುವಿದೆ, ಇನ್ನೂ ತಿರುವಿದೆ, ಹೆಚ್ಚುಕಡಿಮೆ ಕೊನೆ ಮುಟ್ಟಿದಾಗ ಸ್ವರ ಇಳಿದು ಬಂದು ಕೂಡಿತು. ಪ್ಲೇಟು ಸೋತ ಎತ್ತಿನ ಹಾಗೆ ತಿರುಗುತ್ತಿತ್ತು. ನಾನು ಮುಳ್ಳನ್ನು ಮೊದಲಿಗಿಟ್ಟು ಕಣ್ಣು ಮುಚ್ಚಿದೆ.

ಬಾರಿಸುವವನು ಯಾವುದೋ ಭಾರ ಹೊತ್ತ ಹಾಗೆ ಬಾರಿಸುತ್ತಿದ್ದ. ಸ್ವರ ಹಿಡಿದಲ್ಲೆಲ್ಲ ಅದು ಅಗಲವಾಗಿ ನಡುಗುತ್ತಿತ್ತು, ಮುದುಕರ ದನಿ ನಡುಗುವ ಹಾಗೆ. ತಾಳ ಹಿಡಿದವನು ನಿದ್ದೆಯಲ್ಲಿದ್ದ. ಕಣ್ಣು ತೆರೆದು ಅಪ್ಪನ ಕಡೆ ನೋಡಿದೆ.

ಅಪ್ಪನ ಬೆರಳು ಪ್ಲೇಟಿನ ಜೊತೆ ಇರಲಿಲ್ಲ. ಮುಂದೆ ಮುಂದೆ ಓಡುತ್ತಿತ್ತು. ಪ್ಲೇಟು ನಾಲ್ಕು ಎಣಿಸುವುದರೊಳಗೆ ಬೆರಳು ಐದು ಎಣಿಸಿರುತ್ತಿತ್ತು. ಅವರು ಎಡಗೈ ಎತ್ತಿ ಪೆಟ್ಟಿಗೆಯ ಕಡೆ ತೋರಿಸಿದರು. ಷಡ್ಜ ಕೂಡಿಲ್ಲವೆನ್ನುತ್ತಾರೆ ಎಂದುಕೊಂಡು ಮತ್ತೆ ತಂಬೂರಿ ಮೀಟಿ ನೋಡಿದೆ. ಷಡ್ಜ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ. "ಸರಿ ಅದ ಅಪ್ಪಾ" ಎಂದೆ. ಅವರು ಮತ್ತೆ ಕೈ ಎತ್ತಿದರು. ಗಂಟಲಿನಿಂದ ಒಂದು ಶಬ್ದ ಬಂತು. ಎರಡನೆಯ ಸಲ ಹಾಕಿದಾಗಲೂ ಬೆರಳು ಹಾಗೆಯೇ ಓಡಿತು, ಮೊದಲಿಗಿಂತ ಜೋರಾಗಿ, ಸಿಟ್ಟಿನಿಂದ ಚೌಕಟ್ಟನ್ನು ಕುಟ್ಟುವ ಹಾಗೆ.

ಲಯ ಹೋಯಿತು ಎಂದುಕೊಂಡೆ. ಕೈ ಹೋಯಿತು, ಮಾತು ಹೋಯಿತು, ಕೊನೆಗೆ ಉಳಿದಿದ್ದ ಲಯವೂ ಇವತ್ತು ಹೋಯಿತು. ಅಪ್ಪನ ಕೈ ಹಿಡಿದು ಬಲವಂತದಿಂದ ಹಾಸಿಗೆಯ ಮೇಲೆ ಇಳಿಸಿ, ಪೆಟ್ಟಿಗೆ ಮುಚ್ಚಿದೆ. ಅವರು ಗೋಡೆಯ ಕಡೆ ಹೊರಳಿದರು.

ಆ ಸಂಕಟದಲ್ಲಿಯೇ ಕೂತು ಚೀಟಿ ಬರೆದೆ. ಆ ಅಕ್ಷರಗಳು ನನಗೆ ಇನ್ನೂ ನೆನಪಿವೆ. ಈ ಮನುಷ್ಯನ ಸ್ವರ ನಡುಗುತ್ತದೆ. ತನ್ನ ಸ್ವರ ತನಗೆ ಕೇಳಿಸದವರು ಹೀಗೆ ಬಾರಿಸುತ್ತಾರೆ. ಹಸಿವಿಲ್ಲದೆ ಉಂಡ ಊಟದ ಹಾಗಿದೆ. ಇವರಿಗೆ ಬೇರೆ ಉದ್ಯೋಗವಿದ್ದರೆ ಅದನ್ನೇ ಮಾಡಿಕೊಂಡಿರುವುದು ಛಲೋ.

ಬರೆದು ಒಮ್ಮೆ ಓದಿದೆ. ಒಂದು ಶಬ್ದ ಬದಲಿಸಲಿಲ್ಲ. ಚೆನ್ನಾಗಿ ಬಂದಿದೆ ಎಂದೂ ಅನಿಸಿತು.

ಸೋಮವಾರ ಚೀಟಿ ಹೋಯಿತು. ಮಂಗಳವಾರ ಬಾಯಿ ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ತಲೆನೋವು ಎಂದರು. ಹುಬ್ಬಳ್ಳಿಯಿಂದ ಮರುಮಾತು ಬರಲಿಲ್ಲ, ಪ್ಲೇಟುಗಳನ್ನು ಮರಳಿ ಕೇಳಲೂ ಇಲ್ಲ. ತಿಂಗಳ ಮೇಲೆ ನಾನೇ ಕೇಳಿದಾಗ, "ಅಣ್ಣ ಮುಂಬೈಕ ಹೋಗಲಿಲ್ರಿ" ಎಂದಷ್ಟೇ ಹೇಳಿದರು. ನೌಕರಿ ಬಿಡದೆ ಒಳ್ಳೆಯದೇ ಮಾಡಿದರು ಎಂದೆ. ಅವರು ವಹಿಗಳನ್ನು ಎತ್ತಿಕೊಂಡು ತರಗತಿಗೆ ಹೋದರು. ಆ ವರ್ಷವೇ ತಾಯಿಗೆ ಆರಾಮಿಲ್ಲವೆಂದು ಸಾಲೆ ಬಿಟ್ಟರು.

ಅಪ್ಪನ ವಿಷಯದಲ್ಲಿ ನಾನು ಮಾಡಿದ್ದು ಇನ್ನೂ ದೊಡ್ಡದು. ಗುರುವಾರ ಬಂದ ಶಿಷ್ಯರನ್ನು ಅಂಗಳದಲ್ಲಿಯೇ ನಿಲ್ಲಿಸಿ, ಇನ್ನು ಬರಬೇಡಿರಿ ಎಂದು ಹೇಳಿದೆ. "ಅವರ ಲಯ ಹೋಗ್ಯಾದ್ರಿ. ನೀವು ಸರಿ ಹಾಡಿದ್ರೂ ಬೆರಳು ತಪ್ಪಸ್ತಾರ. ನಿಮ್ಮ ಕಣ್ಣಿಗೆ ಅವರು ಹಂಗ ಕಾಣೂದು ನನಗ ಬ್ಯಾಡ" ಎಂದೆ. ಅವರ ಮರ್ಯಾದೆ ಕಾಯುತ್ತಿದ್ದೇನೆ ಎಂದೇ ನಂಬಿದ್ದೆ. ಅತ್ಯಾ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. "ಮಾತು ಆಡಿದ್ರ ಹೋತು, ಮುತ್ತು ಒಡೆದ್ರ ಹೋತು. ನನ್ನ ತಮ್ಮನ್ನ ಒಂದು ಮಾತು ಕೇಳಿದಿಯೇನವಾ?" ಎಂದಳು. ಬಾಯಿಲ್ಲದವರನ್ನು ಏನು ಕೇಳುವುದು ಎಂದೆ.

ಎರಡು ಮೂರು ಗುರುವಾರ ಅಪ್ಪ ಬಾಗಿಲ ಕಡೆ ನೋಡುತ್ತ ಮಲಗಿದ್ದರು. ಆಮೇಲೆ ನೋಡುವುದನ್ನು ಬಿಟ್ಟರು. ಬೆರಳು ಚೌಕಟ್ಟಿನ ಮೇಲೆ ಆಡಿದ್ದನ್ನು ನಾನು ಮತ್ತೆ ಕಾಣಲಿಲ್ಲ. ಮರುವರ್ಷ ಮಾಘದಲ್ಲಿ ತೀರಿಕೊಂಡರು.

ಅಪ್ಪನ ವರ್ಷಾಂತಿಕದ ಶ್ರಾದ್ಧ ಮುಗಿದ ಮೇಲೆ ಕಪಾಟು ಖಾಲಿ ಮಾಡುವಾಗ ಆಲ್ಬಮ್ ಸಿಕ್ಕಿತು. ಇನ್ನೊಬ್ಬರ ಸಾಮಾನು, ಮುಟ್ಟಿಸಬೇಕು. ಒಂದು ಭಾನುವಾರ ಹುಬ್ಬಳ್ಳಿಯ ಗಾಡಿ ಹತ್ತಿ, ಕೇಳಿಕೊಂಡು ಅವರ ಕ್ವಾರ್ಟರ್ಸಿಗೆ ಹೋದೆ. ಎಲ್ಲ ಮನೆಗಳೂ ಒಂದೇ ತರಹ, ಎಲ್ಲದರ ಮೇಲೆ ಇಂಜಿನ್ನಿನ ಮಸಿ. ಬಾಯಿ ಬಾಗಿಲು ತೆರೆದು, ಒಂದು ಗಳಿಗೆ ನಿಂತು, ಆಮೇಲೆ ಕೈ ಹಿಡಿದು ಒಳಗೆ ಕರೆದರು. ಅಪ್ಪನ ಸುದ್ದಿ ಕೇಳಿ ಕಣ್ಣೊರೆಸಿಕೊಂಡರು. ಅವರ ತಾಯಿಯೂ ತೀರಿಕೊಂಡಿದ್ದರು. ಅಣ್ಣ ಪಾಳಿಗೆ ಹೋಗಿದ್ದಾರೆ, ಬರುವ ಹೊತ್ತಾಯಿತು ಎಂದರು.

ಚಹಾ ಕಾಯುವವರೆಗೆ ಎಂದು ಅವರೇ ಮೊದಲ ಪ್ಲೇಟು ಹಾಕಿದರು. ನಾಲ್ಕು ಸ್ವರ ಕೇಳುವಷ್ಟರಲ್ಲಿ ನನಗೆ ಕಸಿವಿಸಿಯಾಯಿತು.

"ನಿಮ್ಮ ಮಶಿನ್ ನಿಧಾನ ತಿರಗಾಕತ್ತದ" ಎಂದೆ.

"ಇಲ್ರಿ. ಅಣ್ಣ ಗಡಿಯಾರ ಹಿಡಿದು ಎಣಿಸಿ ಇಟ್ಟಾನ. ನಿಮಿಷಕ್ಕ ಎಪ್ಪತ್ತೆಂಟು ಸುತ್ತು. ಎಲ್ಲಾ ಪ್ಲೇಟಿಗೂ ಅಷ್ಟ. ನಿಮ್ಮ ಮನ್ಯಾಗ ಎಷ್ಟಕ್ಕ ಹಾಕ್ತಿದ್ರಿ?"

ಎಷ್ಟಕ್ಕೆ ಎಂದು ನಮ್ಮ ಮನೆಯಲ್ಲಿ ಯಾರೂ ಎಣಿಸಿರಲಿಲ್ಲ. ಯಾರ ಷಡ್ಜ ಅಪ್ಪನ ಷಡ್ಜಕ್ಕಿಂತ ಕೆಳಗಿತ್ತೋ ಅವರೆಲ್ಲ ನಮ್ಮ ಮನೆಯಲ್ಲಿ ಚುರುಕಾಗಿದ್ದರು. ಯಾರದು ಮೇಲಿತ್ತೋ ಅವರು ಮುದುಕರಾಗಿದ್ದರು.

"ಆರನೇದ್ದು ಹಾಕ್ರಿ" ಎಂದೆ.

ಅವರು ಅನುಮಾನಿಸುತ್ತಲೇ ಹಾಕಿದರು. ಮೆತ್ತನೆಯ ಪ್ಲೇಟು, ಸವೆತದ ಸಪ್ಪಳ ಆಗಲೇ ಸೇರಿತ್ತು. ಅದರ ಹಿಂದಿನಿಂದ ಕ್ಲ್ಯಾರಿಯೊನೆಟ್ ಎದ್ದಿತು. ಮಳೆ ಬಿಟ್ಟ ಮೇಲೆ ಹುಡುಗಿಯರು ಸಾಲೆಯಿಂದ ಹೊರಗೆ ಓಡುವ ಹಾಗೆ ಎದ್ದಿತು. ನಡುಕ ಎಲ್ಲಿಯೂ ಇರಲಿಲ್ಲ. ಸ್ವರದ ತುದಿಯಲ್ಲಿ ಒಂದು ಸಣ್ಣ ಹೊಳಪು ಆಡುತ್ತಿತ್ತು, ಅದನ್ನೇ ನಾನು ಎಳೆದು ಎಳೆದು ಮುದುಕನ ನಡುಕ ಮಾಡಿದ್ದೆ. ಐದು ದೊಡ್ಡವರ ಪಕ್ಕದಲ್ಲಿ ಇಟ್ಟರೂ ತಲೆತಗ್ಗಿಸಬೇಕಿಲ್ಲದ ವಾದನ ಅದು. ಇದನ್ನು ಹೇಳುವಷ್ಟು ಕಿವಿ ನನಗೆ ಆಗಲೂ ಇತ್ತು.

"ಯಾರು ಇವರು?" ಎಂದೆ, ಕೇಳುವ ಮೊದಲೇ ತಿಳಿದಿದ್ದರೂ.

"ಆಣಿ ಹಾಕಿದ್ದ, ಹೇಳಲಿಲ್ಲ" ಎಂದರು ಬಾಯಿ. "ನಿಮ್ಮ ಚೀಟಿ ಮೂರು ದಿನ ಮತ್ತ ಮತ್ತ ಓದಿದ. ನನ್ನ ಕಿವಿ ಹೋಗ್ಯಾವ ಅಂತ ನನಗ ಅನಸ್ತಿತ್ತು, ಆ ಮನಿಯವರಿಗೂ ಕೇಳಿಸೇತಿ ನೋಡು ಅಂದ. ಆಮ್ಯಾಲೆ ಡಬಲ್ ಪಾಳಿ ತಗೊಂಡ."

ಅಣ್ಣ ಪಾಳಿ ಮುಗಿಸಿ ಬಂದರು. ನಲವತ್ತರ ಒಳಗಿನ ಮನುಷ್ಯ, ತೆಳ್ಳಗೆ, ಉಗುರುಗಳಲ್ಲಿ ಕಪ್ಪು. ನಾನು ಯಾರೆಂದು ತಂಗಿ ಕಿವಿಯ ಹತ್ತಿರ ಕೂಗಿ ಹೇಳಿದರು. ಅವರು ಎರಡೂ ಕೈ ಜೋಡಿಸಿ, ಕಿವುಡರು ಮಾತಾಡುವಷ್ಟು ಜೋರಾಗಿ, "ಬರ್ರಿ ಬಾಯಾರ, ಕೂಡ್ರಿ. ನಿಮ್ಮ ತಂದಿಯವರ ಸುದ್ದಿ ಕೇಳಿ ಭಾಳ ಕೆಟ್ಟ ಅನಿಸ್ತು" ಎಂದರು. ನಾನು ಏನೋ ಅಂದೆ. ಅವರು ನನ್ನ ತುಟಿ ನೋಡುತ್ತಿದ್ದರು. "ಏನಂದ್ರಿ?" ಎಂದರು. ಮತ್ತೆ ಅಂದೆ. ತಂಗಿಯ ಕಡೆ ತಿರುಗಿದರು. ಇಂಥ ಮಾತನ್ನು ಸಾಲುಮನೆಯವರಿಗೆಲ್ಲ ಕೇಳುವ ಹಾಗೆ ಕೂಗಿ ಹೇಗೆ ಹೇಳುವುದು?

ಆಲ್ಬಮಿನ ಕೊನೆಯ ಚೀಲದಲ್ಲಿ ಅವರ ಪಟ್ಟಿ ಇತ್ತು. ಪೆನ್ಸಿಲು ತೆಗೆದು ಅದರ ಹಿಂದೆ ಬರೆದೆ. ನಮ್ಮ ಮನೆಯ ಕಟ್ಟಳೆ ಬರೆದೆ, ತಿರುಪು ಎಷ್ಟು ತಿರುವಿದೆ ಎಂಬುದನ್ನು ಬರೆದೆ. ನಿಮ್ಮ ಸ್ವರ ನಡುಗಲಿಲ್ಲ, ನಡುಗಿಸಿದವಳು ನಾನು ಎಂದು ಬರೆದೆ. ಬರೆದು ಅವರ ಕೈಗೆ ಕೊಟ್ಟೆ.

ಅವರು ಬೆಳಕಿಗೆ ಹಿಡಿದು ಓದಿದರು. ಓದಿ ಮುಗಿಸಿ ಮತ್ತೆ ಮೊದಲಿನಿಂದ ಓದಿದರು. ಬಯ್ದರೆ ಬಯ್ಯಲಿ ಎಂದು ಕೂತಿದ್ದೆ. ಅವರು ಎದ್ದು ಪೆಟ್ಟಿಗೆಗೆ ಕೀಲಿ ಕೊಟ್ಟು, ಆರನೆಯ ಪ್ಲೇಟಿನ ಮೇಲೆ ಮುಳ್ಳು ಇಟ್ಟು, ಅದಕ್ಕೆ ಬೆನ್ನು ಮಾಡಿ ನನ್ನೆದುರು ಕುರ್ಚಿ ಎಳೆದುಕೊಂಡರು.

"ನನಗ ಈಗ ಸುತ್ತಿಗಿ ಒಂದ ಕೇಳಸ್ತದ" ಎಂದರು. "ಹೆಂಗ ಅದ ತೋರಸ್ರಿ."

ನಾನು ಮೇಜಿನ ಮೇಲೆ ಎಡಗೈ ಇಟ್ಟೆ. ಎಡಗೈ ಯಾಕೆ ಇಟ್ಟೆನೋ ಗೊತ್ತಿಲ್ಲ. ಪ್ಲೇಟಿನ ಜೊತೆ ಬೆರಳಿನಿಂದ ತಾಳ ಹಾಕತೊಡಗಿದೆ. ನಾಲ್ಕು ಸುತ್ತು ಮುಗಿಯುವುದರಲ್ಲಿ ಗುರುತು ಹತ್ತಿತು. ಆ ಓಟ ನಾನು ನೋಡಿದ್ದೆ. ಮಂಚದ ಚೌಕಟ್ಟಿನ ಮೇಲೆ ಅಪ್ಪನ ಬೆರಳು ಇಷ್ಟೇ ವೇಗದಲ್ಲಿ ಓಡುತ್ತಿತ್ತು, ಇದಕ್ಕಿಂತ ಒಂದಿಷ್ಟೂ ಹೆಚ್ಚಲ್ಲ, ಕಡಿಮೆಯಲ್ಲ. ತಿರುಪು ತಿರುವುವ ಮೊದಲು ಕೇಳಿದ ನಾಲ್ಕು ಸ್ವರಗಳಲ್ಲೇ ಲಯ ಹಿಡಿದಿದ್ದ ಅಪ್ಪ ಪೆಟ್ಟಿಗೆಯ ಕಡೆ ಕೈ ತೋರಿಸಿದ್ದು ಷಡ್ಜಕ್ಕಲ್ಲ. ಕಟ್ಟಳೆ ಮಾಡಿದವರೇ ಅದನ್ನು ಮುರಿ ಎಂದು ನನಗೆ ಹೇಳುತ್ತಿದ್ದರು, ನಾನು ಕೈ ಹಿಡಿದು ಇಳಿಸಿದ್ದೆ. ಅಪ್ಪನ ಲಯ ಹೋಗಿರಲಿಲ್ಲ. ಬಾಗಿಲು ನೋಡುತ್ತ ಮಲಗಿದ್ದ ಆ ಗುರುವಾರಗಳಲ್ಲಿಯೂ ಹೋಗಿರಲಿಲ್ಲ.

ಕಣ್ಣೀರು ಮೇಜಿನ ಮೇಲೆ ಬಿತ್ತು. ಬಾಯಿಯ ಅಣ್ಣ ನನ್ನ ಮುಖ ನೋಡಲಿಲ್ಲ, ಬೆರಳನ್ನೇ ನೋಡುತ್ತಿದ್ದರು. ಅವರ ಬೆರಳುಗಳು ಮೊಣಕಾಲಿನ ಮೇಲೆ ಒಂದೊಂದಾಗಿ ಎದ್ದು ಬೀಳತೊಡಗಿದವು, ರಂಧ್ರಗಳನ್ನು ಮುಚ್ಚಿ ತೆರೆಯುವ ಹಾಗೆ.

"ಹೌದ್ರಿ" ಎಂದರು. "ಇಷ್ಟ ಲಗೂ ಓಡ್ತಿತ್ತು."

ಪ್ಲೇಟು ಮೂರು ನಿಮಿಷದ್ದು. ಮುಗಿದು, ಮುಳ್ಳು ಕೊನೆಯ ಗೆರೆಯಲ್ಲಿ ಬರಿದೇ ಕರಕರ ಸುತ್ತತೊಡಗಿತು. ಬಾಯಿ ಅದನ್ನು ಎತ್ತಲು ಎದ್ದರು, ಅಣ್ಣನ ಕಡೆ ನೋಡಿ ಅಲ್ಲಿಯೇ ನಿಂತರು. ಮುಗಿದದ್ದು ಅವರಿಗೆ ಗೊತ್ತಾಗಿರಲಿಲ್ಲ. ಅವರ ಬೆರಳುಗಳು ಇನ್ನೂ ಬಾರಿಸುತ್ತಿದ್ದವು. ನಾನು ತಾಳ ನಿಲ್ಲಿಸಲಿಲ್ಲ.